ಶಾಲೆಯ ಗುಣಮಟ್ಟಕ್ಕೆ ಅಳತೆ ಯಾವುದು?

ಏಪ್ರಿಲ್ 7 ಶಿಕ್ಷಕರ ಪಾಲಕ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲರ ಹಬ್ಬ. 17ನೇ ಶತಮಾನದ ಫ್ರಾನ್ಸಿನಲ್ಲಿ ಮಕ್ಕಳಿಗೆ ಮೊದಲು ಲ್ಯಾಟಿನ್ ಓದಿಸುವುದೇ ರೂಢಿ. ಬೇಗನೆ ದುಡಿಮೆಗೆ ಹೋಗಬೇಕಾದ ಬಡ ಮಕ್ಕಳಿಗೆ ಆ ಓದು ದಕ್ಕುತ್ತಿರಲಿಲ್ಲ. ಸಂತರು ಆಡುಮಾತಾದ ಫ್ರೆಂಚಿನಲ್ಲೇ ಓದು ಆರಂಭಿಸಿದರು, ಶುಲ್ಕ ಪಡೆಯಲಿಲ್ಲ, ಶಿಕ್ಷಕರನ್ನು ತರಬೇತುಗೊಳಿಸಿದರು.

ನಮ್ಮ ಧರ್ಮಕೇಂದ್ರದ ಪ್ರಾಥಮಿಕ ಶಾಲೆಯನ್ನೂ ನಾವು ಇದೇ ಅಳತೆಯಿಂದ ನೋಡೋಣ. ಟೈ, ಬೂಟು, ಬಾಯಿಪಾಠದ ಇಂಗ್ಲಿಷ್ ಪದ್ಯ ಕಂಡು ಹಿಗ್ಗುವ ಮುನ್ನ ಕೇಳೋಣ: ಕೊನೆಯ ಬೆಂಚಿನ ಬಡ ಮಗು ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಬಲ್ಲದೇ?

ತಂದೆತಾಯಿಯರೇ ಮಕ್ಕಳ ಮೊದಲ ಶಿಕ್ಷಕರೆಂದು 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಸಾರಿತು. ಆದ್ದರಿಂದ ಶುಲ್ಕ ಕಟ್ಟಿ ಸುಮ್ಮನಾಗದೆ, ಪ್ರತಿ ಸಂಜೆ ಜಪಸರದ ಬಳಿಕ ಮಗುವಿನಿಂದ ಒಂದು ಪುಟ ಓದಿಸಿ ಕೇಳೋಣ.