ಇಂಗ್ಲಿಷ್ ವ್ಯಾಕರಣಕ್ಕೆ ಮನೆಮಾತಿನ ಏಣಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳ್ಳಿಯ ಮಗುವಿಗೆ ಇಂಗ್ಲಿಷ್ ಎರಡನೆಯ ಭಾಷೆಯೆಂದು ಹೇಳುವುದು ವಾಡಿಕೆ. ವಾಸ್ತವದಲ್ಲಿ ಹೆಚ್ಚಿನ ಮನೆಗಳಲ್ಲಿ ಅದು ಮೂರನೆಯದು. ಮನೆಯಲ್ಲಿ ತುಳು, ಕೊಂಕಣಿ ಇಲ್ಲವೆ ಬ್ಯಾರಿ; ಶಾಲೆಯಲ್ಲಿ ಕನ್ನಡ; ಆ ಕನ್ನಡವೇ ನಾಲಗೆಗೆ ಒಗ್ಗುವ ಮೊದಲು ಇಂಗ್ಲಿಷ್ ಅಕ್ಷರಮಾಲೆ. 2007-08ರಿಂದ ರಾಜ್ಯದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. 2019ರಲ್ಲಿ ಆಯ್ದ ಶಾಲೆಗಳಲ್ಲಿ ಆಂಗ್ಲ ಮಾಧ್ಯಮದ ತರಗತಿಗಳೂ ಆರಂಭವಾದವು.

ಪಾಲಕರ ಹಂಬಲವನ್ನು ಹಗುರವಾಗಿ ಕಾಣುವಂತಿಲ್ಲ. ಬಂಟ್ವಾಳ ತಾಲೂಕಿನ ದಡ್ಡಲಕಾಡು ಸರಕಾರಿ ಶಾಲೆ ಮಕ್ಕಳಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿದ್ದಾಗ, ಕರೆಂಕಿಯ ದುರ್ಗಾ ಫ್ರೆಂಡ್ಸ್ ಕ್ಲಬ್ಬಿನ ಯುವಕರು ಅದನ್ನು ದತ್ತು ಪಡೆದು, ಇಂಗ್ಲಿಷ್ ಕಲಿಕೆಗೂ ಏರ್ಪಾಡು ಮಾಡಿ ಉಳಿಸಿಕೊಂಡರು. ಮಾಧ್ಯಮದ ವಾದಕ್ಕೆ ನಾವಿಲ್ಲಿ ಇಳಿಯುವುದಿಲ್ಲ. ಆಯ್ಕೆಯ ಹಕ್ಕು ಪಾಲಕರದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ನಮ್ಮ ಪ್ರಶ್ನೆ ಬೇರೆ. ಏಳನೆಯ ತರಗತಿ ಮುಗಿಸಿದ ಮಗು ತನ್ನದೇ ಆದ ನಾಲ್ಕು ಇಂಗ್ಲಿಷ್ ವಾಕ್ಯಗಳನ್ನು ಬರೆಯಬಲ್ಲುದೆ?

ನಾಮಪದ, ಕ್ರಿಯಾಪದಗಳ ಲಕ್ಷಣವನ್ನು ಇಂಗ್ಲಿಷಿನಲ್ಲಿಯೇ ಬಾಯಿಪಾಠ ಮಾಡಿಸುವುದು ಹಳೆಯ ಪದ್ಧತಿ. ಮಗು ಲಕ್ಷಣವನ್ನು ಒಪ್ಪಿಸುತ್ತದೆ. ವಾಕ್ಯ ಮಾತ್ರ ಬರುವುದಿಲ್ಲ. ಆದರೆ ಅದೇ ಮಗುವಿನ ಬಾಯಲ್ಲಿ ವ್ಯಾಕರಣ ಆಗಲೇ ತುಂಬಿದೆ. ‘ಯಾನ್ ಶಾಲೆಗ್ ಪೋಪೆ’, ‘ನಾನು ಶಾಲೆಗೆ ಹೋಗುತ್ತೇನೆ’, ‘ಐ ಗೋ ಟು ಸ್ಕೂಲ್’: ಮೂರನ್ನೂ ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯಿರಿ. ತುಳುವಿನ ‘ಗ್’, ಕನ್ನಡದ ‘ಗೆ’ ಶಾಲೆಯ ಬೆನ್ನಿಗೆ ಅಂಟಿಕೊಂಡಿವೆ. ಇಂಗ್ಲಿಷಿನ ‘ಟು’ ಮುಂದೆ ನಿಂತಿದೆ. ಕ್ರಿಯಾಪದ ನಮ್ಮಲ್ಲಿ ಕೊನೆಗೆ, ಅಲ್ಲಿ ನಡುವೆ. ಇದನ್ನು ಮಕ್ಕಳೇ ಬೆರಳಿಟ್ಟು ತೋರಿಸುತ್ತಾರೆ.

‘ಹೀ ಕೇಮ್’, ‘ಹೀ ಹ್ಯಾಸ್ ಕಮ್’ ಎಂಬೆರಡರ ಭೇದವನ್ನು ತಿಳಿಸಲು ಉಪಾಧ್ಯಾಯರು ಹೆಣಗುವುದುಂಟು. ತುಳು ಮಗುವಿಗೆ ‘ಆಯೆ ಬತ್ತೆ’, ‘ಆಯೆ ಬೈದೆ’ ಎಂದು ಹೇಳಿದರೆ ಅರ್ಧ ಕೆಲಸ ಮುಗಿಯಿತು. ತುಳುವಿನ ಇಂಥ ರೂಪಗಳನ್ನು ಬ್ರಿಗೆಲ್ ಪಾದ್ರಿ ತಮ್ಮ ತುಳು ವ್ಯಾಕರಣದಲ್ಲಿ 1872ರಷ್ಟು ಹಿಂದೆಯೇ ಇಂಗ್ಲಿಷಿನಲ್ಲಿ ವಿವರಿಸಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದ್ದರು. ಕೇಳುವವನನ್ನು ಸೇರಿಸಿಕೊಂಡರೆ ‘ನಮ’, ಬಿಟ್ಟರೆ ‘ಎಂಕುಲು’ ಎನ್ನುವ ಸೂಕ್ಷ್ಮವಂತೂ ಇಂಗ್ಲಿಷಿಗೇ ಇಲ್ಲ. ಅಲ್ಲಿ ಎರಡಕ್ಕೂ ‘ವೀ’ ಒಂದೇ. ತುಳು ಆಡಿದ್ದಕ್ಕೆ ದಂಡ ವಿಧಿಸುವ ತರಗತಿ ಇದನ್ನೆಲ್ಲ ಹೊರಗೆ ತಳ್ಳಿದಂತೆಯೇ ಸರಿ.

ಮನೆಮಾತು ತೊಡಕನ್ನೂ ತರುತ್ತದೆ. ಒಬ್ಬರೇ ಟೀಚರ್ ಬಂದರೂ ಮಗು ‘ದೇ ಕೇಮ್’ ಎಂದು ಬರೆಯುವುದುಂಟು. ಅದು ಅಜ್ಞಾನವಲ್ಲ, ವಿನಯ; ‘ಬಂದರು’ ಎಂಬ ಗೌರವ ಬಹುವಚನ ಅಲ್ಲಿಗೂ ನಡೆದು ಬಂದಿದೆ. ‘ಶೀ’ ಎಂದರೆ ಅಗೌರವವಲ್ಲವೆಂದು ಒಮ್ಮೆ ಬಿಡಿಸಿ ಹೇಳಬೇಕು. ‘ಎ’, ‘ದ’ಗಳಿಗೆ ಮಾತ್ರ ನಮ್ಮಲ್ಲಿ ಸರಿಜೋಡಿ ಇಲ್ಲ. ಅವು ಓದಿ, ಕೇಳಿ ನಿಧಾನವಾಗಿ ಬರತಕ್ಕವು.

ಇನ್ನು ಬರವಣಿಗೆ. ಹಸುವಿನ ಮೇಲಣ ಸಿದ್ಧ ಪ್ರಬಂಧವನ್ನು ಗೈಡಿನಿಂದ ಇಳಿಸಿಕೊಳ್ಳುವ ಮಗುವಿನ ಹಟ್ಟಿಯಲ್ಲಿಯೇ ಹೆಸರಿಟ್ಟು ಕರೆಯುವ ಹಸುವೊಂದು ಇರುತ್ತದೆ. ಅದರ ಬಣ್ಣ, ಅದು ನಿನ್ನೆ ಯಾರ ತೋಟಕ್ಕೆ ನುಗ್ಗಿತು, ಇವೇ ನಾಲ್ಕು ವಾಕ್ಯ. ಅಡಕೆ ಸುಲಿಯುವ ಅಂಗಳ, ಬೀಡಿ ಕಟ್ಟುವ ಅಮ್ಮ, ಮಳೆಗೆ ತುಂಬಿದ ನೇತ್ರಾವತಿ ಇವೆಲ್ಲ ಪಾಠದ ವಸ್ತುಗಳೇ. ತಿದ್ದುವಾಗ ಪುಟವಿಡೀ ಕೆಂಪು ಶಾಯಿ ಬೇಡ. ವಾರಕ್ಕೊಂದೇ ತಪ್ಪನ್ನು ಹಿಡಿಯಿರಿ. ‘ಮೈ ಮದರ್ ರೋಲ್ ಬೀಡೀಸ್’ ಎಂದು ಬರೆದು ತಂದರೆ, ಅಮ್ಮ ‘ಕಟ್ಟುತ್ತಾಳೆ’ ಎಂಬಲ್ಲಿ ‘ಆಳೆ’ ಹೇಗೋ ‘ರೋಲ್ಸ್’ ಎಂಬಲ್ಲಿ ಆ ‘ಸ್’ ಹಾಗೆ ಎಂದು ತೋರಿಸಿ, ಉಳಿದುದನ್ನು ಮುಂದಿನ ವಾರಕ್ಕೆ ಬಿಡಬಹುದು.