ವಿದ್ಯಾಲಯದ ಬಾಗಿಲಿನ ಮೇಲೆ ದಾನಿಯ ಹೆಸರು

ನಮ್ಮ ಸೀಮೆಯ ದೇವಸ್ಥಾನಗಳಿಗೆ ಹೋಗಿಬಂದವರೆಲ್ಲರೂ ಕಂಡಿರುವ ದೃಶ್ಯವೊಂದುಂಟು. ಪ್ರಾಕಾರದಲ್ಲಿ ತೂಗುಹಾಕಿದ ಟ್ಯೂಬ್‌ಲೈಟಿನ ಮೇಲೆ ಕೆಂಪು ಬಣ್ಣದ ದಪ್ಪ ಅಕ್ಷರಗಳಲ್ಲಿ ‘ಉಪಯಂ’ ಎಂದು ಬರೆದು, ಅದರ ಮುಂದೆ ದಾನಿಯ ಹೆಸರು, ಅವರ ತಂದೆಯವರ ಹೆಸರು, ಊರು, ಅಂಗಡಿ ಇವಿಷ್ಟನ್ನೂ ತುಂಬಿರುತ್ತಾರೆ. ಬೆಳಕು ಹೊರಗೆ ಬರಲು ಉಳಿದ ಜಾಗ ನಾಲ್ಕೇ ಬೆರಳು. ಹೊಸೂರಿನಿಂದ ಮೇಲಕ್ಕೆ ಕನ್ನಡ ನಾಡಿನ ಕಡೆಗೆ ಹೋದರೆ ‘ಉಪಯಂ’ ಎಂಬ ಮಾತು ‘ಸೇವಾರ್ಥ’ ಎಂದಾಗುತ್ತದೆ. ಬೆಳಕಿನ ಪಾಡು ಮಾತ್ರ ಅದೇ. ಇದನ್ನು ಕಂಡು ನಗುವುದು ಸುಲಭ. ನಾವೂ ನಕ್ಕವರೇ. ಆದರೆ ಕೆಲವು ತಿಂಗಳ ಹಿಂದೆ ಡೆಂಕಣಿಕೋಟೆಯ ಕಡೆಯ ಹಿರಿಯರೊಬ್ಬರು ನಮ್ಮ ಮನೆಗೆ ಬಂದು ಕೇಳಿದ ಪ್ರಶ್ನೆಯು ನಮ್ಮ ನಗೆಯನ್ನು ಅಲ್ಲಿಗೇ ನಿಲ್ಲಿಸಿತು.

ಅವರು ರಸ್ತೆಗೆ ಹೋದ ತಮ್ಮ ಜಮೀನಿನ ಪರಿಹಾರದಲ್ಲಿ ಒಂದು ಭಾಗವನ್ನು ತೆಗೆದಿರಿಸಿದ್ದರು. ತೀರಿಹೋದ ತಮ್ಮ ಪತ್ನಿಯ ಹೆಸರಿನಲ್ಲಿ, ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಕನ್ನಡ ಓದುವ ಮಗುವಿಗೆ ಒಂದು ಪದಕವನ್ನು ಏರ್ಪಡಿಸಬೇಕೆಂಬುದು ಅವರ ಆಸೆ. ಆಕೆ ನಾಲ್ಕನೆಯ ತರಗತಿಗಿಂತ ಹೆಚ್ಚು ಓದಿದವರಲ್ಲವಂತೆ. “ಅಪ್ಪಾ, ಕೊಡುವುದಾದರೆ ಕೊಟ್ಟುಬಿಡಿ, ಹೆಸರೇಕೆ? ಜನ ಆಡಿಕೊಳ್ಳುತ್ತಾರೆ” ಎಂದು ಹಿರಿಯ ಮಗನ ವಾದ. “ಹೆಸರಿಲ್ಲದೆ ಕೊಟ್ಟರೆ ಅಮ್ಮ ಇದ್ದದ್ದೇ ನಾಳೆ ಯಾರಿಗೆ ಗೊತ್ತಾಗುತ್ತದೆ?” ಎಂದು ಮಗಳ ವಾದ. ಇಬ್ಬರ ನಡುವೆ ಸಿಕ್ಕ ಹಿರಿಯರು, “ತಾವು ನಾಲ್ಕು ಕಡೆ ಓದಿದವರು, ಹೇಳಿ ಸ್ವಾಮಿ” ಎಂದು ಕುಳಿತುಬಿಟ್ಟರು. ಅಂದು ಅವರಿಗೆ ಹೇಳಿದ್ದನ್ನೂ, ಆ ಮೇಲೆ ಓದಿ ಯೋಚಿಸಿದ್ದನ್ನೂ ಕೂಡಿಸಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲಿಗೆ ನಮ್ಮ ನೆಲದ ಸಾಕ್ಷ್ಯವನ್ನೇ ನೋಡೋಣ. ಇಂದಿನ ಧರ್ಮಪುರಿಗೆ ಹಿಂದೆ ತಗಡೂರೆಂಬ ಹೆಸರಿತ್ತು. ನೊಳಂಬ ದೊರೆ ಮಹೇಂದ್ರನ ಕಾಲದ, ಶಕವರ್ಷ 815ರ, ಎಂದರೆ ಕ್ರಿ.ಶ. 893ರ ಕನ್ನಡ ಶಾಸನವೊಂದು ಅಲ್ಲಿ ದೊರೆತಿದೆ. ನಿಧಿಯಣ್ಣ, ಚಂಡಿಯಣ್ಣ ಎಂಬ ವರ್ತಕ ಸೋದರರು ತಗಡೂರಿನಲ್ಲಿ ಬಸದಿಯೊಂದನ್ನು ಕಟ್ಟಿಸಿದರೆಂದೂ, ನಿಧಿಯಣ್ಣನು ದೊರೆಯಿಂದ ಮೂಲಪಳ್ಳಿ ಎಂಬ ಗ್ರಾಮವನ್ನು ಪಡೆದು ಬಸದಿಯ ಜೀರ್ಣೋದ್ಧಾರಾದಿಗಳಿಗಾಗಿ ಕನಕಸೇನ ಸಿದ್ಧಾಂತ ಭಟಾರರಿಗೆ ಒಪ್ಪಿಸಿದನೆಂದೂ ಅದು ಹೇಳುತ್ತದೆ. ದೊರೆಗಳ ಹೆಸರನ್ನು ಚರಿತ್ರೆಯ ಪುಸ್ತಕಗಳು ಉಳಿಸಿಕೊಳ್ಳುತ್ತವೆ; ಇಬ್ಬರು ವ್ಯಾಪಾರಿಗಳ ಹೆಸರು 1100 ವರ್ಷಗಳನ್ನು ದಾಟಿ ನಮ್ಮ ಕಿವಿಗೆ ಬಿದ್ದಿರುವುದು ಅವರು ಕೊಟ್ಟದ್ದನ್ನು ಕಲ್ಲಿನಲ್ಲಿ ಬರೆಸಿದುದರಿಂದಲೇ. ಹೆಸರು ಬರೆಸುವುದು ಇಂದಿನವರ ಆಡಂಬರವೆಂದು ಹೇಳುವವರು ಈ ಶಾಸನವನ್ನು ಒಮ್ಮೆ ನೆನೆಯಬೇಕು.

ಆ ಶಾಸನದಲ್ಲಿ ಇನ್ನೊಂದು ವಿವೇಕವೂ ಅಡಗಿದೆ. ಸೋದರರು ಕಟ್ಟಡವನ್ನು ಮಾತ್ರ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಅದು ಬಿರುಕುಬಿಟ್ಟಾಗ ರಿಪೇರಿಗೆಂದು ಒಂದು ಊರಿನ ಹುಟ್ಟುವಳಿಯನ್ನೂ ಬಿಟ್ಟರು. ಇಂದಿನ ಭಾಷೆಯಲ್ಲಿ ಇದಕ್ಕೆ ದತ್ತಿನಿಧಿ ಎನ್ನುತ್ತಾರೆ: ಅಸಲನ್ನು ಮುಟ್ಟದೆ ಬಡ್ಡಿಯಿಂದ ಕಾರ್ಯ ನಡೆಸುವ ಹಣ. ಹಳೆಯ ದಾನಶಾಸನಗಳ ಕೊನೆಯಲ್ಲಿ, ಈ ಧರ್ಮವನ್ನು ಕೆಡಿಸಿದವನಿಗೆ ಕಾಶಿಯಲ್ಲಿ ಕಪಿಲೆಯನ್ನು ಕೊಂದ ಪಾಪ ಬರಲೆಂಬ ಶಾಪವಿರುವುದನ್ನು ಓದುಗರು ಬಲ್ಲರು. ಕೋರ್ಟು ಕಚೇರಿಗಳು ದೂರವಿದ್ದ ಕಾಲದಲ್ಲಿ ಅದೇ ಕರಾರಿನ ಕಡೆಯ ಕಲಮು.

ಶಾಪವಿಲ್ಲದ ಉಯಿಲು ಏನಾದೀತೆಂಬುದಕ್ಕೆ ಮದರಾಸಿನ ಪಚ್ಚೈಯಪ್ಪ ಮೊದಲಿಯಾರರ ಕಥೆಯಿದೆ. 1794ರಲ್ಲಿ ನಲವತ್ತೇ ವರ್ಷ ವಯಸ್ಸಿನಲ್ಲಿ ತೀರಿಹೋದ ಈ ದುಭಾಷಿ ತನ್ನ ಸಂಪತ್ತನ್ನೆಲ್ಲ ದೇವತಾಕಾರ್ಯಕ್ಕೂ ಧರ್ಮಕ್ಕೂ ಬರೆದಿಟ್ಟರು. ಆಸ್ತಿಯನ್ನು ನೋಡಿಕೊಳ್ಳಬೇಕಾದವರು ನೋಡಿಕೊಳ್ಳಲಿಲ್ಲ. ವ್ಯಾಜ್ಯ ಹತ್ತಾರು ವರ್ಷ ನಡೆಯಿತು. ಕಡೆಗೆ ನ್ಯಾಯಾಲಯವು ಮಧ್ಯೆ ಬಂದು, ದೇವರ ಸೇವೆಗೆ ತೆಗೆದಿರಿಸಿ ಮಿಕ್ಕ ಹಣ ವಿದ್ಯೆಗೆ ಸಲ್ಲಬಹುದೆಂದು ಗೊತ್ತುಮಾಡಿದ ಮೇಲೆ, 1842ರಲ್ಲಿ ಅವರ ಹೆಸರಿನ ಶಾಲೆ ತೆರೆಯಿತು. ಅದೇ ಬೆಳೆದು ಪಚ್ಚೈಯಪ್ಪನವರ ಕಾಲೇಜಾಯಿತು. ದಾನಿ ಸತ್ತು 48 ವರ್ಷಗಳ ಮೇಲೆ ಬಾಗಿಲಿಗೆ ಬಂದ ಹೆಸರು ಅದು. ಕನ್ನಡ ನಾಡಿನಲ್ಲಿ ಸಿರಸಂಗಿಯ ಲಿಂಗರಾಜ ದೇಸಾಯರದೂ ಹೆಚ್ಚುಕಡಿಮೆ ಹೀಗೆಯೇ. ಮಕ್ಕಳಿಲ್ಲದ ಅವರು 1906ರಲ್ಲಿ ತೀರಿಕೊಳ್ಳುವ ಮೊದಲು ಸಂಸ್ಥಾನದ ಆಸ್ತಿಯನ್ನು ಸಮಾಜದ ವಿದ್ಯಾಭ್ಯಾಸಕ್ಕೆ ಬರೆದುಕೊಟ್ಟರು. ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆ ಹುಟ್ಟಿದ್ದು 1916ರಲ್ಲಿ. ಬೆಳಗಾವಿಯ ಲಿಂಗರಾಜ ಕಾಲೇಜು ತೆರೆದದ್ದು 1933ರಲ್ಲಿ. ಲಿಂಗರಾಜರು ತಮ್ಮ ಹೆಸರಿನ ಕಾಲೇಜನ್ನು ಕಾಣಲಿಲ್ಲ. ಇಂಥ ಹೆಸರು ಕೊಂಡದ್ದಲ್ಲ, ಕೃತಜ್ಞರು ಇಟ್ಟದ್ದು.

ಕೊಡುವಾಗಲೇ ಹೆಸರನ್ನೂ ಅಧಿಕಾರವನ್ನೂ ಕೂಡಿಸಿ ಪಡೆದುಕೊಂಡ ದೊಡ್ಡ ದೃಷ್ಟಾಂತ ಚಿದಂಬರದ ಅಣ್ಣಾಮಲೈ ವಿಶ್ವವಿದ್ಯಾಲಯ. ನಮ್ಮ ಜಿಲ್ಲೆಗಳಲ್ಲಿ ಅದರ ಅಂಚೆ ಶಿಕ್ಷಣದಿಂದ ಪದವಿ ಪಡೆದವರು ಮನೆಗೊಬ್ಬರಿದ್ದಾರೆಂದರೆ ಉತ್ಪ್ರೇಕ್ಷೆಯಾಗಲಿಕ್ಕಿಲ್ಲ. ಅಣ್ಣಾಮಲೈ ಚೆಟ್ಟಿಯಾರರು ತಾವು ಕಟ್ಟಿದ ಕಾಲೇಜುಗಳನ್ನೂ 20 ಲಕ್ಷ ರೂಪಾಯಿಗಳನ್ನೂ ಒಪ್ಪಿಸಿದರು. 1928ರ ಶಾಸನದ ಮೇರೆಗೆ 1929ರಲ್ಲಿ ವಿಶ್ವವಿದ್ಯಾಲಯ ಆರಂಭವಾಯಿತು. ಸಮಕುಲಾಧಿಪತಿಯ ಸ್ಥಾನವು ಸ್ಥಾಪಕರಿಗೂ ಅವರ ಬಳಿಕ ಅವರ ವಂಶಕ್ಕೂ ಸಂದಿತು. ಎಂಟು ದಶಕಗಳ ಅನಂತರ ಹಣಕಾಸು ಹದಗೆಟ್ಟು, 2013ರಲ್ಲಿ ತಮಿಳುನಾಡು ಸರಕಾರವು ಹೊಸ ಕಾನೂನಿನಿಂದ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ವಂಶದ ಅಧಿಕಾರ ಹೋಯಿತು. ಹೆಸರು ಬಾಗಿಲಿನ ಮೇಲೆ ಹಾಗೆಯೇ ಉಳಿಯಿತು. ನಾಮಕರಣವೂ ಯಜಮಾನಿಕೆಯೂ ಒಂದೇ ಅಲ್ಲವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ. ಅಳಗಪ್ಪ ಚೆಟ್ಟಿಯಾರರ ಕೊಡುಗೆಯಿಂದ 1944ರಲ್ಲಿ ಗಿಂಡಿಯಲ್ಲಿ ಆದ ತಾಂತ್ರಿಕ ಕಾಲೇಜು 1978ರಲ್ಲಿ ಅಣ್ಣಾ ವಿಶ್ವವಿದ್ಯಾಲಯದೊಳಕ್ಕೆ ಸೇರಿತು. ದೊಡ್ಡ ಹೆಸರಿನ ಮನೆಯೊಳಗೆ ಆ ಹಳೆಯ ಹೆಸರು ಇಂದಿಗೂ ವಾಸವಾಗಿದೆ.

ನಮ್ಮ ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯದ ಸಂಗತಿ ಬೇರೆ. 1997ರಲ್ಲಿ ಸ್ಥಾಪನೆಯಾದ ಅದಕ್ಕೆ ಇಟ್ಟಿರುವುದು ದಾನಿಯ ಹೆಸರಲ್ಲ, ಸರಕಾರವು ಗೌರವಾರ್ಥವಾಗಿ ಇರಿಸಿದ ನಾಯಕರ ಹೆಸರು. ಈರೋಡಿನ ಆ ನಾಯಕರ ಮನೆಮಾತು ಕನ್ನಡವಾಗಿತ್ತೆಂಬುದನ್ನು ಇಲ್ಲಿ ಸುಮ್ಮನೆ ನೆನಪಿಸುತ್ತೇವೆ.

ಈಗ ಹಿರಿಯ ಮಗನ ವಾದಕ್ಕೆ ಬರೋಣ. ಹೆಸರು ಬೇಡವೆಂದವರೂ ಉಂಟು, ಮತ್ತು ಅವರಲ್ಲಿ ಅಗ್ರಗಣ್ಯರು ನಮಗೆ ದೂರದವರಲ್ಲ. ಜಮಶೇಟ್‌ಜಿ ಟಾಟಾ ಅವರು 1898ರಲ್ಲಿ ಉನ್ನತ ಸಂಶೋಧನೆಯ ಸಂಸ್ಥೆಯೊಂದಕ್ಕಾಗಿ ಮುಂಬಯಿಯ ತಮ್ಮ ಆಸ್ತಿಗಳಲ್ಲಿ ಸುಮಾರು 30 ಲಕ್ಷ ರೂಪಾಯಿ ಬೆಲೆಬಾಳುವಷ್ಟನ್ನು ಕೊಡಮುಂದಾದರು. ತಮ್ಮ ಹೆಸರನ್ನು ಅದಕ್ಕೆ ಇಡಕೂಡದೆಂಬುದು ಅವರ ನಿಲುವು. ಒಬ್ಬರ ಹೆಸರು ಹಲಗೆಯ ಮೇಲೆ ಏರಿದ ಮೇಲೆ ಇನ್ನೊಬ್ಬರ ಕೈ ಥೈಲಿಗೆ ಹೋಗುವುದು ಕಷ್ಟವೆಂಬುದನ್ನು ಆ ವ್ಯಾಪಾರಿ ಅರಿಯದವರಲ್ಲ. ಮೈಸೂರು ಸಂಸ್ಥಾನವು 371 ಎಕರೆ ನೆಲವನ್ನೂ ಹಣವನ್ನೂ ಕೊಟ್ಟಿತು. ಟಾಟಾ ಅವರು 1904ರಲ್ಲಿಯೇ ತೀರಿಕೊಂಡರು. 1909ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಕಾಗದದ ಮೇಲೆ ಎಲ್ಲಿಯೂ ಟಾಟಾ ಎಂದಿಲ್ಲ. ಆದರೆ ಬೆಂಗಳೂರಿನ ಜನ ಅದನ್ನು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆದರು. ಬಸ್ಸಿನ ಕಂಡಕ್ಟರನು ಕೂಗಿ ಕೂಗಿ ನಿಲ್ಲಿಸಿದ ಹೆಸರನ್ನು ಯಾವ ಗೆಜೆಟ್ಟು ತಾನೆ ಅಳಿಸೀತು?

ಇದೇ ಅಂಗಳದಲ್ಲಿ ಕಾಲ ಬದಲಾದುದನ್ನೂ ಕಾಣಬಹುದು. 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಕೂಡಿ 425 ಕೋಟಿ ರೂಪಾಯಿ ಕೊಡಲೊಪ್ಪಿದರು. ಅಲ್ಲಿ ಕಟ್ಟುವ ಆಸ್ಪತ್ರೆಗೆ ಅವರಿಬ್ಬರ ಮನೆತನದ ಹೆಸರೇ ಎಂದು ಗೊತ್ತಾಯಿತು. ಟಾಟಾ ಸಂಸ್ಥೆಗಳೇ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯವಹಾರ ಶಾಲೆಗೆ 2010ರಲ್ಲಿ 5 ಕೋಟಿ ಡಾಲರ್ ಕೊಟ್ಟವು. ಅಲ್ಲಿ ಎದ್ದ ಕಟ್ಟಡ ‘ಟಾಟಾ ಹಾಲ್’. ಹಿರಿಯರು ಬೇಡವೆಂದದ್ದನ್ನು ಕಿರಿಯರು ಬೇಕೆಂದರೆಂದು ನಾವು ಟೀಕಿಸುತ್ತಿಲ್ಲ. ಅದೇ ವರ್ಷ ಅದೇ ವಿಶ್ವವಿದ್ಯಾಲಯಕ್ಕೆ ಇನ್ಫೋಸಿಸ್‌ನ ಮೂರ್ತಿಯವರ ಕುಟುಂಬ ಕೊಟ್ಟ 52 ಲಕ್ಷ ಡಾಲರುಗಳಿಂದ ‘ಮೂರ್ತಿ ಕ್ಲಾಸಿಕಲ್ ಲೈಬ್ರರಿ’ ನಡೆಯುತ್ತಿದೆ. ನಮ್ಮ ರಾಘವಾಂಕನ ಹರಿಶ್ಚಂದ್ರಕಾವ್ಯವು ಎದುರುಬದುರು ಕನ್ನಡ ಮೂಲ, ಇಂಗ್ಲಿಷ್ ಅನುವಾದಗಳೊಡನೆ ಆ ಮಾಲೆಯಲ್ಲಿ ಅಚ್ಚಾಗಿದೆ. ದಾನಿಯ ಹೆಸರಿನ ನೆರಳಿನಲ್ಲಿ ಕವಿಯ ಹೆಸರೂ ಕಡಲು ದಾಟಿತು.

ಹೆಸರಿಗೆ ಅಪಾಯವಿಲ್ಲವೆ? ಇದೆ. 1687ರಿಂದ 1692ರವರೆಗೆ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರನಾಗಿದ್ದ ಎಲಿಹು ಯೇಲ್ ಎಂಬವನು 1718ರಲ್ಲಿ ಅಮೆರಿಕದ ಬಡ ಕಾಲೇಜೊಂದಕ್ಕೆ ಒಂಬತ್ತು ಮೂಟೆ ಸರಕು, 417 ಪುಸ್ತಕಗಳು, ದೊರೆಯದೊಂದು ಚಿತ್ರಪಟ ಕಳುಹಿಸಿದ. ಸರಕು ಮಾರಿ ಬಂದದ್ದು ಸುಮಾರು 560 ಪೌಂಡು. ಅಷ್ಟಕ್ಕೆ ಕಾಲೇಜು ಅವನ ಹೆಸರನ್ನಿಟ್ಟುಕೊಂಡಿತು. ಜಗತ್ಪ್ರಸಿದ್ಧ ಯೇಲ್ ವಿಶ್ವವಿದ್ಯಾಲಯ ಅದೇ. ಮದರಾಸಿನಲ್ಲಿ ಅವನು ಹಣ ಮಾಡಿಕೊಂಡ ರೀತಿಯ ಮೇಲೆ ಅವನ ಕಾಲದಲ್ಲಿಯೇ ದೂರುಗಳಿದ್ದವು. ಗುಲಾಮರ ವ್ಯಾಪಾರದೊಡನೆ ಅವನಿಗಿದ್ದ ಸಂಬಂಧವನ್ನು ಇಂದಿನವರು ಎತ್ತಿ ಆಡುತ್ತಿದ್ದಾರೆ. ಹೀಗಾಗಿ ಈಗಿನ ವಿದೇಶೀ ವಿದ್ಯಾಲಯಗಳು ಕರಾರಿನಲ್ಲಿಯೇ, ದಾನಿಯ ನಡತೆಯಿಂದ ಸಂಸ್ಥೆಗೆ ಕಳಂಕ ಬಂದರೆ ಹೆಸರನ್ನು ತೆಗೆಯುವ ಹಕ್ಕು ತಮಗುಂಟೆಂದು ಬರೆಸಿಕೊಳ್ಳುವುದುಂಟು. ನೋವುಶಾಮಕ ಔಷಧಿಯ ವ್ಯಾಪಾರದಿಂದ ಕೆಟ್ಟ ಹೆಸರು ಪಡೆದ ಸ್ಯಾಕ್ಲರ್ ಮನೆತನದ ಹೆಸರನ್ನು ಟಫ್ಟ್ಸ್ ವಿಶ್ವವಿದ್ಯಾಲಯವು 2019ರಲ್ಲಿ ತನ್ನ ಕಟ್ಟಡಗಳಿಂದ ಕಿತ್ತುಹಾಕಿತು.

ನಮ್ಮ ಹಿರಿಯರಿಗೆ ಇಂಥ ಭಯವೇನೂ ಇರಲಿಲ್ಲ. ಅವರ ಭಯ ಬೇರೆ, ಮತ್ತು ಅದು ನ್ಯಾಯವಾದದ್ದು. “ಹಣ ಕೊಟ್ಟೆ, ಪದಕ ಏರ್ಪಟ್ಟಿತು. ಇಪ್ಪತ್ತು ವರ್ಷದ ಮೇಲೆ ಕನ್ನಡ ಓದುವ ಮಗುವೇ ಇಲ್ಲದೆ ಹೋದರೆ?”

ನಾವು ಸ್ವಲ್ಪ ಹೊತ್ತು ಉತ್ತರ ಹೇಳಲಿಲ್ಲ. 2006ರ ತಮಿಳು ಕಲಿಕೆಯ ಕಾನೂನು ಬಂದ ಮೇಲೆ ನಮ್ಮ ಗಡಿಶಾಲೆಗಳ ಕನ್ನಡ ತರಗತಿಗಳು ಯಾವ ಸ್ಥಿತಿಗೆ ಬಂದಿವೆಯೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಒಂದು ಕಾಲಕ್ಕೆ ಮದರಾಸು ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಮರಿಯಪ್ಪ ಭಟ್ಟರು ಕಿಟ್ಟೆಲರ ನಿಘಂಟನ್ನು ಪರಿಷ್ಕರಿಸಿ ಸಂಪುಟಗಳಾಗಿ ಹೊರತಂದರು. ಆದರೆ ವಿಭಾಗವಿದ್ದರೆ ಸಾಲದು, ಅದರ ಬೆಂಚಿನ ಮೇಲೆ ಕೂರುವ ಮಕ್ಕಳು ನಮ್ಮ ಮನೆಗಳಿಂದ ಹೋಗಬೇಕು.

ಆ ಪ್ರಶ್ನೆಗೆ ಕಾನೂನಿನ ಉತ್ತರವುಂಟು. ಸಾರ್ವಜನಿಕ ಧರ್ಮದ ಮೂಲ ಉದ್ದೇಶವು ನಡೆಸಲಾಗದಂತಾದರೆ, ಅದಕ್ಕೆ ಅತ್ಯಂತ ಸಮೀಪದ ಉದ್ದೇಶಕ್ಕೆ ಹಣವನ್ನು ತಿರುಗಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಪ್ರಕರಣದಲ್ಲಿ ನ್ಯಾಯಾಲಯಕ್ಕೆ ಅವಕಾಶವಿದೆ. ಆದರೆ ಯಾವುದು ಸಮೀಪ, ಯಾವುದು ದೂರವೆಂಬುದನ್ನು ಆಗ ಗೊತ್ತುಮಾಡುವವರು ನಮ್ಮನ್ನು ಕಂಡವರಲ್ಲ. ಆದ್ದರಿಂದ ದಾನಿಯೇ ಪತ್ರದಲ್ಲಿ ಎರಡನೆಯ ಆಯ್ಕೆಯನ್ನೂ ಬರೆದಿಡುವುದು ಲೇಸು: ಕನ್ನಡ ಎಂ.ಎ.ಯಲ್ಲಿ ಮೊದಲ ಸ್ಥಾನ ಪಡೆದವರಿಗೆ. ಆ ತರಗತಿಯಿಲ್ಲದ ವರ್ಷ ಕನ್ನಡದ ಮೇಲೆ ಸಂಶೋಧನೆ ಮಾಡುವವರಿಗೆ. ಅದೂ ಇಲ್ಲದಿದ್ದರೆ ಗಡಿ ಜಿಲ್ಲೆಗಳಿಂದ ಬಂದ, ಕನ್ನಡ ಮನೆಮಾತಿನ ಬಡ ವಿದ್ಯಾರ್ಥಿಯ ಶುಲ್ಕಕ್ಕೆ.

ಬಡ್ಡಿಯ ಲೆಕ್ಕವನ್ನೂ ಅಂದು ಕಾಗದದ ಮೇಲೆ ಹಾಕಿ ತೋರಿಸಿದೆವು. 1970ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ 200 ರೂಪಾಯಿಗೆ ಒಳಗೇ ಇತ್ತು. ಆಗ ಒಬ್ಬರು 5,000 ರೂಪಾಯಿ ದತ್ತಿ ಕೊಟ್ಟು, ಶೇಕಡಾ 6ರಂತೆ ವರ್ಷಕ್ಕೆ 300 ರೂಪಾಯಿ ಬಡ್ಡಿ ಬಂದಿತೆಂದಿಟ್ಟುಕೊಳ್ಳಿ. ಹದಿನೈದು ಗ್ರಾಮಿನ ಒಳ್ಳೆಯ ಪದಕವೇ ಆಗುತ್ತಿತ್ತು. 2025ರಲ್ಲಿ ಹತ್ತು ಗ್ರಾಮಿನ ಬೆಲೆ ಲಕ್ಷ ರೂಪಾಯಿ ದಾಟಿತು. ಲಕ್ಷ ರೂಪಾಯಿಯ ಆ ಬೆಲೆಯಲ್ಲಿ ಅದೇ 300 ರೂಪಾಯಿಗೆ ಬರುವುದು 30 ಮಿಲಿಗ್ರಾಂ ಚಿನ್ನ, ಎಂದರೆ ಮೂಗುತಿಯ ತಿರುಪಿಗೂ ಸಾಲದು. ಚಿನ್ನದ ಪದಕವೆಂದು ಪತ್ರದಲ್ಲಿ ಬರೆದು, ಮುಂದೆ ಬರೀ ಪ್ರಶಸ್ತಿಪತ್ರವನ್ನು ಕೊಡಿಸಿಕೊಳ್ಳುವುದಕ್ಕಿಂತ, ಬಡ್ಡಿಯ ಕಾಲುಭಾಗವನ್ನು ಪ್ರತಿವರ್ಷ ಅಸಲಿಗೆ ಸೇರಿಸಬೇಕೆಂದು ಬರೆದು, ಬೆಳ್ಳಿಯ ಪದಕಕ್ಕೆ ತೃಪ್ತಿಪಡುವುದು ಮೇಲೆಂದು ನಮ್ಮ ಅಭಿಪ್ರಾಯ. ವಿಶ್ವವಿದ್ಯಾಲಯದ ಸಿಂಡಿಕೇಟು ಒಪ್ಪಿಕೊಂಡ ಬಳಿಕವೇ ದತ್ತಿಗೆ ಬಲ ಬರುವುದರಿಂದ, ಆ ಷರತ್ತುಗಳನ್ನೆಲ್ಲ ಹಣ ಕಟ್ಟುವ ಮೊದಲೇ ಒಪ್ಪಿಸಬೇಕು. ರಸೀದಿ ಕೈಗೆ ಬಂದ ಮೇಲೆ ಹೇಳಿದ ಮಾತನ್ನು ಯಾರೂ ಕೇಳುವುದಿಲ್ಲ.

ಹೆಸರಿನ ವಿಷಯವೋ? ಮಗನ ಸಂಕೋಚವನ್ನು ನಾವು ಗೌರವಿಸುತ್ತೇವೆ. ಆದರೂ ಈ ಪ್ರಸಂಗದಲ್ಲಿ ಮಗಳ ಕಡೆಗೇ ನಮ್ಮ ಮತ. ಕೊಡುವವರು ತಮ್ಮ ಹೆಸರನ್ನಲ್ಲ, ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಹೆಂಗಸಿನ ಹೆಸರನ್ನು ಇಡಬಯಸಿದ್ದಾರೆ. ಎಂ.ಎ. ಪದವಿ ಪಡೆಯುವ ಹುಡುಗಿಯೊಬ್ಬಳ ಕೈಯಲ್ಲಿ ಅಂಥ ಹೆಸರು ಕುಳಿತುಕೊಂಡರೆ ಯಾರ ಬೆಳಕೂ ಮುಚ್ಚಿಹೋಗುವುದಿಲ್ಲ.

ಹಿರಿಯರು ಎಲ್ಲವನ್ನೂ ಕೇಳಿದರು. ಕಾಫಿ ಕುಡಿದರು. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, ಪದಕದ ಮೇಲೆ ಎಷ್ಟು ಅಕ್ಷರ ಹಿಡಿಸುತ್ತದೆ ಎಂದು ಕೇಳಿದರು. ಒಂದು ಬದಿಗೆ ತಮಿಳಿನಲ್ಲಿಯೂ ಇನ್ನೊಂದು ಬದಿಗೆ ಕನ್ನಡದಲ್ಲಿಯೂ ಹೆಸರಿರಬೇಕೆಂದು ಅವರ ಮನಸ್ಸು. ಅದನ್ನೂ ಪತ್ರದಲ್ಲಿ ಸೇರಿಸಿದೆವು. ಮುಂದಿನ ವಾರ ಕರಡನ್ನು ವಕೀಲರ ಬಳಿಗೆ ಕೊಂಡೊಯ್ದವನು ಹಿರಿಯ ಮಗನೇ.