ಸಮಾರಂಭಕ್ಕೆ ಚಾರಿತ್ರಿಕ ಸ್ಥಳ: ಆಯ್ಕೆಯ ಕೆಲವು ತತ್ತ್ವಗಳು

ವಿಚಾರಗೋಷ್ಠಿ, ನಾಡಹಬ್ಬ, ಸಂಗೀತೋತ್ಸವ ಮೊದಲಾದವನ್ನು ಪ್ರಾಚೀನ ಸ್ಮಾರಕಗಳ ಸನ್ನಿಧಿಯಲ್ಲಿ ಏರ್ಪಡಿಸಬೇಕೆಂಬ ಅಭಿಲಾಷೆ ವಿದ್ಯಾಸಂಸ್ಥೆಗಳಲ್ಲಿ ಸಹಜವಾದುದು. ಸಾವಳಗಿ, ಜಮಖಂಡಿ ಸೀಮೆಯವರಿಗಂತೂ ಈಶಾನ್ಯಕ್ಕೆ ವಿಜಯಪುರ, ಆಗ್ನೇಯಕ್ಕೆ ಪಟ್ಟದಕಲ್ಲು, ನೈರುತ್ಯಕ್ಕೆ ಬೆಳಗಾವಿ ಇವೆ. ಆದರೆ ಸ್ಥಳನಿರ್ಣಯವು ಕೇವಲ ಅಲಂಕಾರದ ಪ್ರಶ್ನೆಯಲ್ಲ. ಒಂದು ಸ್ಥಳವನ್ನು ಆರಿಸುವುದೆಂದರೆ ಅದರ ಚರಿತ್ರೆಯನ್ನು ಕುರಿತು ಒಂದು ಅಭಿಪ್ರಾಯವನ್ನು ಜನರೆದುರು ಸಾರಿದಂತೆಯೇ ಸರಿ. ಆದುದರಿಂದ ನಿರ್ಣಯಕ್ಕೆ ಮುನ್ನ ಮೂರು ಪ್ರಶ್ನೆಗಳನ್ನು ವಿಚಾರಿಸುವುದು ಯುಕ್ತ.

ಮೊದಲನೆಯದು, ಆ ಕಟ್ಟಡವು ಯಾವ ಉದ್ದೇಶಕ್ಕಾಗಿ ನಿರ್ಮಿತವಾಯಿತು ಎಂಬುದು. ವಿಜಯಪುರದಲ್ಲಿ ಸಭೆಯೆಂದೊಡನೆ ಎಲ್ಲರ ಮನಸ್ಸೂ ಗೋಲಗುಮ್ಮಟದತ್ತ ಹರಿಯುತ್ತದೆ. ಒಳಗಡೆ ಪ್ರತಿಯೊಂದು ಪಾರ್ಶ್ವವೂ ಸುಮಾರು 135 ಅಡಿಯಿರುವ ಆ ಚೌಕವು ವಿಶಾಲವಾದುದೆಂಬುದು ನಿರ್ವಿವಾದ. ಆದರೆ ಅದು 1656ರಲ್ಲಿ ಮಡಿದ ಮಹಮ್ಮದ್ ಆದಿಲ್‌ಶಾಹನ ಸಮಾಧಿ. ಮೇಲಾಗಿ, ಗುಮ್ಮಟದ ಕೆಳಗೆ ನುಡಿದ ಮಾತು ಹಲವು ಸಲ ಮರುದನಿಗೊಳ್ಳುವುದರಿಂದ ಉಪನ್ಯಾಸಕನ ಎರಡನೆಯ ವಾಕ್ಯವು ಮೊದಲನೆಯದರ ಪ್ರತಿಧ್ವನಿಯಲ್ಲಿ ಮುಳುಗಿಹೋಗುತ್ತದೆ. ಪ್ರವಾಸಿಗನಿಗೆ ಸೋಜಿಗವಾದುದು ಸಭಿಕನಿಗೆ ಬಾಧೆಯಾಗುತ್ತದೆ. ಅದೇ ನಗರದ ಗಗನಮಹಲಿನ ಸ್ಥಿತಿ ಬೇರೆ. ಒಂದನೆಯ ಅಲಿ ಆದಿಲ್‌ಶಾಹನು 1561ರ ಸುಮಾರಿಗೆ ಕಟ್ಟಿಸಿದ ಈ ಅರಮನೆಯ ಕೆಳ ಅಂತಸ್ತು ದರಬಾರಿಗಾಗಿಯೇ ರಚಿತವಾದುದು. ಸುಮಾರು 60 ಅಡಿ ಅಗಲದ ನಡುಗಮಾನು ಉತ್ತರದ ಬಯಲಿಗೆ ತೆರೆದಿದ್ದು, ಹೊರಗೆ ನೆರೆದವರಿಗೆ ಒಳಗಿನ ಕಾರ್ಯಕಲಾಪವು ಕಾಣುವಂತಿದೆ. ಸಭೆಗೆಂದು ಹುಟ್ಟಿದ ಕಟ್ಟಡಕ್ಕೂ ಸಭೆಗೆ ಒಗ್ಗಿಸಿಕೊಳ್ಳಬೇಕಾದ ಕಟ್ಟಡಕ್ಕೂ ಇರುವ ಅಂತರ ಇಷ್ಟರಿಂದಲೇ ವಿದಿತವಾಗುತ್ತದೆ.

ಎರಡನೆಯದು, ಸ್ಥಳಕ್ಕೆ ಅಂಟಿಕೊಂಡ ಸ್ಮೃತಿ ಯಾವುದು ಎಂಬುದು. 1686ರಲ್ಲಿ ಸೋತ ಸಿಕಂದರ ಆದಿಲ್‌ಶಾಹನು ಬೆಳ್ಳಿಯ ಸಂಕೋಲೆಯಲ್ಲಿ ಔರಂಗಜೇಬನೆದುರು ನಿಂತುದು ಗಗನಮಹಲಿನಲ್ಲಿಯೇ ಎಂಬ ಪ್ರತೀತಿಯಿದೆ. ವೈಭವದ ಜೊತೆಗೆ ಒಂದು ರಾಜ್ಯದ ಅಂತ್ಯವೂ ಅಲ್ಲಿದೆ. ಅಲ್ಲಿ ವಿಜಯೋತ್ಸವ ನಡೆಸುವವರು ಇದನ್ನು ಅರಿತಿರಬೇಕು. ಪಟ್ಟದಕಲ್ಲಿನ ಹೆಸರೇ ಪಟ್ಟಾಭಿಷೇಕವನ್ನು ಸೂಚಿಸುತ್ತದೆ. ಎರಡನೆಯ ವಿಕ್ರಮಾದಿತ್ಯನು ಕಂಚಿಯ ಪಲ್ಲವರ ಮೇಲೆ ಸಾಧಿಸಿದ ಜಯದ ಸ್ಮರಣೆಗಾಗಿ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಅಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ಅತಿಥಿಗಳ ಸಮಾರಂಭದಿಂದ ಊರವರ ನಿತ್ಯಪೂಜೆಗೆ ಅಡ್ಡಿಯಾದರೆ ಅದು ಚರಿತ್ರೆಗೆ ಸಲ್ಲಿಸಿದ ಗೌರವವಾಗಲಾರದು.

ಮೂರನೆಯದು, ಸ್ಥಳವು ಜನಸಂದಣಿಯನ್ನು ತಾಳಬಲ್ಲುದೇ ಎಂಬುದು. ಗೋಡೆಗೆ ಹೊಡೆದ ಮೊಳೆ, ಕಂಬಕ್ಕೆ ಬಿಗಿದ ಹಗ್ಗ, ಕೆತ್ತನೆಗೆ ತಾಗಿದ ಹೊಗೆ ಇವುಗಳ ಗುರುತು ಸಮಾರಂಭ ಮುಗಿದ ಮೇಲೂ ಉಳಿಯುತ್ತದೆ. ಈ ಕಾರಣದಿಂದಲೇ 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮದ ಮೇರೆಗೆ ರಚಿತವಾದ 1959ರ ನಿಯಮಗಳು, ಕೇಂದ್ರ ಸರಕಾರದ ಲಿಖಿತ ಅನುಮತಿಯಿಲ್ಲದೆ ಸಂರಕ್ಷಿತ ಸ್ಮಾರಕದಲ್ಲಿ ಸಭೆ, ಸತ್ಕಾರ, ಸಮ್ಮೇಳನ, ಮನರಂಜನೆಗಳನ್ನು ನಡೆಸಕೂಡದೆಂದು ವಿಧಿಸುತ್ತವೆ. ಮನ್ನಣೆ ಪಡೆದ ಧಾರ್ಮಿಕ ಸಂಪ್ರದಾಯಕ್ಕೆ ಮಾತ್ರ ವಿನಾಯಿತಿಯುಂಟು. ಇದನ್ನು ಕಚೇರಿಯ ತೊಡಕೆಂದು ಬಗೆಯುವುದು ಸರಿಯಲ್ಲ. ಸ್ಮಾರಕವು ಇಂದಿನ ಸಭಿಕರದು ಮಾತ್ರವಲ್ಲ, ಮುಂದಿನವರದೂ ಹೌದು ಎಂಬುದೇ ಅದರ ಇಂಗಿತ.

ಹಾಗಾದರೆ ಸ್ಮಾರಕವನ್ನು ಮುಟ್ಟದೆ ಚರಿತ್ರೆಯ ಸಾನ್ನಿಧ್ಯವನ್ನು ಪಡೆಯುವ ಮಾರ್ಗವಿಲ್ಲವೇ? ಇದಕ್ಕೆ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನವು ಉತ್ತಮ ನಿದರ್ಶನ. ಡಿಸೆಂಬರ್ 26, 27ರಂದು ನಡೆದ ಇದು ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ. ಗಂಗಾಧರರಾವ್ ದೇಶಪಾಂಡೆ ಮೊದಲಾದವರು ಇದಕ್ಕಾಗಿ ಆರಿಸಿದುದು ಕೋಟೆಯನ್ನಲ್ಲ, ಟಿಳಕವಾಡಿಯ ಬಯಲನ್ನು. ಆ ಬಯಲಿಗೆ ವಿಜಯನಗರವೆಂದು ಹೆಸರಿಟ್ಟರು. ಹಂಪೆಯ ಗೋಪುರವನ್ನು ಹೋಲುವ ಮಹಾದ್ವಾರವನ್ನು ನಿಲ್ಲಿಸಿದರು. ನೀರಿಗಾಗಿ ತೋಡಿದ ಬಾವಿಯನ್ನು ಪಂಪಾಸರೋವರವೆಂದು ಕರೆದರು. ಆಗ ಬೆಳಗಾವಿ, ವಿಜಾಪುರಗಳು ಮುಂಬಯಿ ಪ್ರಾಂತದಲ್ಲಿಯೂ ಹಂಪೆಯು ಮದರಾಸು ಪ್ರಾಂತದಲ್ಲಿಯೂ ಇದ್ದವು. ಜಮಖಂಡಿ, ಮುಧೋಳಗಳು ಪ್ರತ್ಯೇಕ ಸಂಸ್ಥಾನಗಳಾಗಿದ್ದವು. ಹೀಗೆ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ವಿಜಯನಗರವೆಂಬ ಹೆಸರು ಒಂದಾಗಿದ್ದ ನಾಡನ್ನು ನೆನಪಿಗೆ ತಂದಿತು. ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಪ್ರಥಮ ಕರ್ನಾಟಕ ಏಕೀಕರಣ ಪರಿಷತ್ತು ಅದೇ ಸಂದರ್ಭದಲ್ಲಿ ಬೆಳಗಾವಿಯಲ್ಲಿ ಸೇರಿದುದು ಗಮನಾರ್ಹ. ಬಾವಿಯು ಇಂದಿಗೂ ಕಾಂಗ್ರೆಸ್ ಬಾವಿಯೆಂದು ಪ್ರಸಿದ್ಧವಾಗಿದೆ. ಸ್ಥಳವು ಸಭೆಗೆ ಘನತೆಯನ್ನಿತ್ತುದಕ್ಕಿಂತ ಸಭೆಯೇ ಸ್ಥಳವನ್ನು ಚಾರಿತ್ರಿಕವನ್ನಾಗಿಸಿತು.

ಮೇಲಿನ ವಿವೇಚನೆಯಿಂದ ಫಲಿಸುವುದಿಷ್ಟು: ಉದ್ದೇಶ, ಸ್ಮೃತಿ, ಧಾರಣಶಕ್ತಿ ಮೂರೂ ಹೊಂದಿದಲ್ಲಿ ವಿಧಿವತ್ತಾಗಿ ಅನುಮತಿ ಪಡೆದು ಸ್ಮಾರಕದ ಬಳಿ ಸೇರಬಹುದು. ಒಂದು ಹೊಂದದಿದ್ದರೂ ಕಾಲೇಜಿನ ಅಂಗಳವೇ ಲೇಸು. ಬೆಳಗಿನಲ್ಲಿ ವಿದ್ಯಾರ್ಥಿಗಳಿಗೆ ಸ್ಮಾರಕವನ್ನು ಸಾವಧಾನವಾಗಿ ತೋರಿಸಿ, ಮಧ್ಯಾಹ್ನ ಅಂಗಳದಲ್ಲಿ ಗೋಷ್ಠಿ ನಡೆಸಿದರೆ ಕಟ್ಟಡವೂ ಉಳಿಯುತ್ತದೆ, ವಿದ್ಯೆಯೂ ಬೆಳೆಯುತ್ತದೆ.